ಹನ್ನೆರಡು ಮನೆಯವರ ಒಂದು ದೋಣಿ

ಶನಿವಾರ, 7 ಸೆಪ್ಟೆಂಬರ್ 2024

ಗಣೇಶನ ಹಬ್ಬದ ದಿನವೇ ದೋಣಿ ನಮ್ಮ ಕೈಗೆ ಬಂತು. ಬೇಕಂತ ಆರಿಸಿಕೊಂಡಿದ್ದಲ್ಲ. ಫೆಬ್ರವರಿಯ ಮೀಟಿಂಗಿನಲ್ಲಿ ವಾರಗಳನ್ನು ಹಂಚಿಕೊಳ್ಳುವಾಗ ಈ ಸಲ ನಮ್ಮ ಸರದಿ ಹತ್ತನೆಯದು. ನಮ್ಮ ತನಕ ಬರುವಷ್ಟರಲ್ಲಿ ಮಕ್ಕಳಿರುವವರೆಲ್ಲ ಜುಲೈ, ಆಗಸ್ಟ್ ವಾರಗಳನ್ನು ಬಾಚಿಕೊಂಡಿದ್ದರು. ಇಲ್ಲಿ ಸೆಪ್ಟೆಂಬರ್ ಮೊದಲ ವಾರ ಶಾಲೆ ಶುರು. ಹಾಗಾಗಿ ಅದು ಉಳಿದಿತ್ತು, ತೆಗೆದುಕೊಂಡೆವು. ಮನೆಗೆ ಬಂದು ಪಂಚಾಂಗ ನೋಡಿದಾಗಲೇ ಗೊತ್ತಾಗಿದ್ದು ಚೌತಿ ಅಂತ.

ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡಾಡುವ ಈ ಸಪೂರ ದೋಣಿಗೆ ನ್ಯಾರೋಬೋಟ್ ಅನ್ನುತ್ತಾರೆ. ನಮ್ಮದು 58 ಅಡಿ ಉದ್ದ, 6 ಅಡಿ 10 ಇಂಚು ಅಗಲ. ಅಗಲದ ಲೆಕ್ಕ ಇಷ್ಟು ಬಿಗಿ ಯಾಕೆಂದರೆ, ದೋಣಿಯನ್ನು ಎತ್ತಿ ಇಳಿಸಲು ಇನ್ನೂರು ವರ್ಷದ ಹಿಂದೆ ಕಾಲುವೆಯಲ್ಲಿ ಕಟ್ಟಿದ ಲಾಕ್‌ಗಳ (ಬಾಗಿಲಿರುವ ತೊಟ್ಟಿಗಳ) ಅಗಲವೇ ಸುಮಾರು 7 ಅಡಿ. ಒಳಗೆ ಹೋದರೆ ರೈಲು ಬೋಗಿ ಥರ ಒಂದರ ಹಿಂದೆ ಒಂದು: ಕೂರುವ ಜಾಗ, ಸೌದೆ ಒಲೆ, ಅಡುಗೆಮನೆ, ಬಚ್ಚಲು, ಮಂಚ, ಕೊನೆಯಲ್ಲಿ ಎಂಜಿನ್.

ಹೊಸದು ಮಾಡಿಸಿದರೆ ಲಕ್ಷ ಪೌಂಡ್ ಎಲ್ಲೋ ದಾಟಿ ಹೋಗುತ್ತದೆ. ನಾವು ಕೊಟ್ಟಿದ್ದು 3,800 ಪೌಂಡ್. ಹನ್ನೆರಡರಲ್ಲಿ ಒಂದು ಪಾಲಿಗೆ, ಅದೂ ಹಿಂದಿನವರಿಂದ ಸೆಕೆಂಡ್ ಹ್ಯಾಂಡ್. ವರ್ಷಕ್ಕೆ ಇನ್ನೊಂದು 800 ಪೌಂಡ್ ಖರ್ಚಿಗೆ: ದೋಣಿ ನಿಲ್ಲಿಸುವ ಬಾಡಿಗೆ, ಲೈಸೆನ್ಸ್, ವಿಮೆ, ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತೆಯ ಸರ್ಟಿಫಿಕೇಟು, ಎರಡು ಮೂರು ವರ್ಷಕ್ಕೊಮ್ಮೆ ಮೇಲೆತ್ತಿ ತಳಕ್ಕೆ ಕರಿ ಬಣ್ಣ ಹೊಡೆಸೋದು. 52 ವಾರದಲ್ಲಿ ನಾಲ್ಕು ವಾರ ರಿಪೇರಿಗೆ ಬಿಟ್ಟರೆ 48. ತಲಾ ನಾಲ್ಕು ವಾರ. ನಮ್ಮ ಮಂಡ್ಯದ ಕಡೆ ಚೀಟಿ ಹಾಕಿ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಎಲ್ಲರ ದುಡ್ಡು, ಒಬ್ಬೊಬ್ಬರ ಸರದಿ. ಇಲ್ಲಿ ಮಾತ್ರ ಚೀಟಿ ಎತ್ತಿದವರು ಅದನ್ನು ಗುಡಿಸಿ, ಒರೆಸಿ, ಡೀಸೆಲ್ ತುಂಬಿಸಿ ಮುಂದಿನವರಿಗೆ ಬಿಟ್ಟು ಹೋಗಬೇಕು.

ಉಳಿದ ಹನ್ನೊಂದು ಮನೆಯವರನ್ನು ನಾವು ನೋಡುವುದು ವರ್ಷಕ್ಕೊಂದೇ ಸಲ, ಆ ಮೀಟಿಂಗಿನಲ್ಲಿ. ಹೆಸರು ಮರೆತುಹೋಗುತ್ತದೆ. ಮನೆಯಲ್ಲಿ ನಾವು ಅವರನ್ನು ಕರೆಯುವುದು ಪಾಲಿನ ನಂಬರಿನಿಂದಲೇ. ಮೂರನೇ ಪಾಲಿನವರು ಎಂಜಿನ್ ಎಷ್ಟು ಗಂಟೆ ಓಡಿತು ಅಂತ ಲಾಗ್ ಪುಸ್ತಕದಲ್ಲಿ ದಶಮಾಂಶ ಸಮೇತ ಬರೆಯುತ್ತಾರೆ. ಒಂಬತ್ತನೆಯವರು ಕಂಡ ಹಕ್ಕಿಗಳ ಚಿತ್ರ ಬಿಡಿಸುತ್ತಾರೆ. ಏಳನೆಯವರು ಚಾವಣಿಯ ಮೇಲೆ ಪುದೀನ ಕುಂಡ ಇಟ್ಟಿದ್ದಾರೆ. ಅದಕ್ಕೊಂದು ಚೀಟಿ: "ದಯವಿಟ್ಟು ಕಿತ್ತು ಬಳಸಿ, ನೀರು ಹಾಕಿ." ಡ್ರಾಯರಿನಲ್ಲಿ ಒಂದು ಬ್ರೆಡ್ ಚಾಕು ಇದೆ. ಹಿಡಿಗೆ ಟೇಪ್ ಸುತ್ತಿ ಯಾರೋ ಬರೆದಿದ್ದಾರೆ: "ಬ್ರೆಡ್ಡಿಗಲ್ಲ."

ಈ ಸಲ ನಮ್ಮ ಜೊತೆ ಅಪ್ಪ ಇದ್ದರು. ಎಪ್ಪತ್ತೊಂದು ವರ್ಷ. ಮದ್ದೂರು ತಾಲೂಕಿನಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರಲ್ಲಿ ಕಬ್ಬು, ಭತ್ತ ಬೆಳೆದವರು. ಎರಡು ತಿಂಗಳಿಗೆ ಅಂತ ಬರ್ಮಿಂಗ್‌ಹ್ಯಾಮಿಗೆ ಬಂದು ಹದಿನೈದೇ ದಿನಕ್ಕೆ ಗೋಡೆ ನೋಡಿ ನೋಡಿ ಸಾಕಾಗಿ ಕೂತಿದ್ದರು. ವ್ರೆನ್‌ಬರಿ ಹತ್ತಿರದ ಮರೀನಾದಲ್ಲಿ (ದೋಣಿ ನಿಲ್ಲಿಸುವ ಜಾಗ) ಕಾರು ಇಳಿದು, ಸಾಲಾಗಿ ನಿಂತ ದೋಣಿಗಳನ್ನು ನೋಡಿ ಒಂದು ನಿಮಿಷ ಮಾತಾಡಲಿಲ್ಲ.

"ಇದೇನವ್ವಾ, ನಾಲೇಲಿ ರೈಲು ಬಿಟ್ಟವ್ರೆ?"

ಹಬ್ಬದ ಸಡಗರಕ್ಕೆ ಮೊದಲ ಪೆಟ್ಟು ಬಚ್ಚಲಲ್ಲಿ. ಟಾಯ್ಲೆಟ್ ಟ್ಯಾಂಕಿನ ಕೆಂಪು ದೀಪ ಉರಿಯುತ್ತಿತ್ತು. ಅಂದರೆ ತುಂಬಿದೆ. ಬಿಟ್ಟು ಹೋಗುವವರು ಖಾಲಿ ಮಾಡಿಸಿಯೇ ಹೋಗಬೇಕು ಅನ್ನುವುದು ನಮ್ಮ ಕರಾರಿನ ಮೊದಲ ಪುಟದಲ್ಲೇ ಇದೆ. ಹಿಂದಿನ ವಾರ ಹನ್ನೊಂದನೇ ಪಾಲಿನವರದು. ಟಾಯ್ಲೆಟ್ ವಿಷಯ ನಮ್ಮ ಗುಂಪಿನಲ್ಲಿ ಮೊದಲೇ ಸೂಕ್ಷ್ಮ. ದೊಡ್ಡ ಟ್ಯಾಂಕ್ ಇಟ್ಟು ಯಂತ್ರದಿಂದ ಎಳೆಸುವುದೋ, ಕೈಯಲ್ಲಿ ಹೊತ್ತೊಯ್ದು ಸುರಿಯುವ ಡಬ್ಬದ್ದು ಹಾಕಿಸುವುದೋ ಅಂತ ಎರಡು ವರ್ಷ ವಾದ ನಡೆದು, ಕೊನೆಗೆ ಏಳು-ಐದು ಓಟಿನಲ್ಲಿ ಟ್ಯಾಂಕ್ ಗೆದ್ದಿತ್ತು. ಸೋತ ಐವರಲ್ಲಿ ನಾವೂ ಒಬ್ಬರು.

ಮರೀನಾದ ಹುಡುಗ ಪೈಪು ಎಳೆದುಕೊಂಡು ಬಂದ. "ಮಷೀನು ಈಗಷ್ಟೇ ಸರಿಹೋಯಿತು" ಅಂದ. ಅದನ್ನು ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. 20 ಪೌಂಡ್ ಕೊಟ್ಟೆವು. ನಮ್ಮ ಯಜಮಾನರು ಅಲ್ಲೇ ನಿಂತು ವಾಟ್ಸಾಪ್ ಗುಂಪಿಗೆ ಉದ್ದನೆಯ ಮೆಸೇಜು ಟೈಪ್ ಮಾಡಿದರು. ಕರಾರಿನ ಕಲಂ ನಂಬರು ಕೂಡ ಹಾಕಿದ್ದರು.

"ಹಬ್ಬದ ದಿನ ಬೇಡ. ವಾರ ಮುಗೀಲಿ, ಆಮೇಲೆ ಕಳಿಸೋಣ" ಅಂದೆ. ಡ್ರಾಫ್ಟಿನಲ್ಲಿ ಉಳಿಯಿತು.

ಅರಿಶಿನದ ಗಣಪನನ್ನು ಮಾಡಿ ಮಡಚುವ ಮೇಜಿನ ಮೇಲೆ ಕೂರಿಸಿದೆ. ಅಪ್ಪ ದಡದ ಕಾಲುದಾರಿಯಲ್ಲಿ ಹುಡುಕಾಡಿ ಗರಿಕೆಯ ದೂರದ ನೆಂಟನಂಥ ಒಂದು ಹುಲ್ಲು ತಂದರು. ಕಾಯಿ ಕಡುಬು ಬೆಂದು, ದೋಣಿ ತುಂಬ ಏಲಕ್ಕಿ ವಾಸನೆ. ಐದು ಗಂಟೆಗೆ ಎಂಜಿನ್ ಶುರು ಮಾಡಿದೆವು.

ಮೊದಲು ಸಿಗುವುದು ವ್ರೆನ್‌ಬರಿಯ ಎತ್ತುವ ಸೇತುವೆ. ಬೆಂಡಿನ ಚೆಂಡು ಕಟ್ಟಿದ ಕೀಲಿ (ನೀರಿಗೆ ಬಿದ್ದರೂ ತೇಲಲಿ ಅಂತ) ತಿರುಗಿಸಿ ಗುಂಡಿ ಒತ್ತಿದರೆ ರಸ್ತೆಗೆ ಗೇಟು ಬೀಳುತ್ತದೆ, ಸೇತುವೆ ಮೇಲೇಳುತ್ತದೆ. ಅಪ್ಪ ನಿಂತ ಕಾರುಗಳನ್ನು ಎಣಿಸಿದರು. ಹನ್ನೊಂದು. "ನಮಗೋಸ್ಕರವಾ?" ಅಂತ ಮತ್ತೆ ಮತ್ತೆ ಕೇಳಿದರು.

ಭಾನುವಾರ

ಬೆಳಿಗ್ಗೆ ಗಣಪನನ್ನು ಬಿಡುವ ಪ್ರಶ್ನೆ ಬಂತು. ಸುತ್ತ ನೀರೇ ಇದೆ, ಇನ್ನೇನು ಯೋಚನೆ ಅಂತ ಅಪ್ಪ ಏಳಲು ಹೊರಟರು. ನಾನು ತಡೆದೆ.

ಈ ಲಾಂಗೊಲೆನ್ ಕಾಲುವೆ ಇಲ್ಲಿನ ಬೇರೆ ಕಾಲುವೆಗಳ ಹಾಗಲ್ಲ. ಬೇರೆಯವುಗಳಲ್ಲಿ ನೀರು ನಿಂತೇ ಇರುತ್ತದೆ. ಇದರಲ್ಲಿ ಹರಿಯುತ್ತದೆ. ವೇಲ್ಸ್‌ನ ಬೆಟ್ಟದ ಬುಡದಲ್ಲಿ ಡೀ ನದಿಯಿಂದ ನೀರು ತೆಗೆದುಕೊಂಡು, ಕೆಳಗೆ ಹರ್ಲ್‌ಸ್ಟನ್ ಜಲಾಶಯ ತುಂಬಿಸುತ್ತದೆ. ಅದು ಊರುಗಳಿಗೆ ಕುಡಿಯುವ ನೀರು. 1944ರಲ್ಲಿ ಕಾನೂನು ಮಾಡಿ ಇಲ್ಲಿ ದೋಣಿ ಓಡಾಟವನ್ನೇ ನಿಲ್ಲಿಸಿದ್ದರು. ನೀರು ಬೇಕಾಗಿತ್ತಲ್ಲ, ಅದಕ್ಕೆ ಕಾಲುವೆಯನ್ನು ಮುಚ್ಚದೆ ಉಳಿಸಿಕೊಂಡರು. ಆಮೇಲೆ ರಜೆಗೆ ಬರುವವರ ದೋಣಿಗಳು ಮೆಲ್ಲಗೆ ಸೇರಿಕೊಂಡವು.

ಕುಡಿಯುವ ನೀರು ಅಂದ ತಕ್ಷಣ ಅಪ್ಪ ಮರುಮಾತಾಡಲಿಲ್ಲ. ಬಕೆಟ್ಟಿನಲ್ಲಿ ಗಣಪನನ್ನು ಕರಗಿಸಿ, ಆ ನೀರನ್ನು ಚಾವಣಿ ಮೇಲಿನ ಪುದೀನ ಕುಂಡಕ್ಕೆ ಹಾಕಿದರು. "ಹೋಗಿ ಬಾರಪ್ಪಾ" ಅಂತ ಕುಂಡಕ್ಕೆ ಕೈಮುಗಿದರು. ಅದೇ ಹೊತ್ತಿಗೆ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಹೆಂಗಸು ನಿಂತು ನೋಡಿ, ಗಿಡಕ್ಕೂ ನಮಗೂ ಗುಡ್ ಮಾರ್ನಿಂಗ್ ಹೇಳಿದಳು.

ಇವತ್ತು ಹತ್ತು ಲಾಕ್. ಮಾರ್ಬರಿ, ಕ್ವಾಯ್ಸ್ಲಿ, ವಿಲ್ಲಿಮೂರ್, ಪೋವಿ, ಆಮೇಲೆ ಗ್ರಿಂಡ್ಲಿ ಬ್ರೂಕಿನ ಆರು.

ಲಾಕ್ ಅಂದರೆ ನೀರಿನ ಮೆಟ್ಟಿಲು. ಎರಡೂ ಕಡೆ ಬಾಗಿಲಿರುವ ಕಲ್ಲಿನ ತೊಟ್ಟಿ. ಕೆಳಗಿನಿಂದ ದೋಣಿ ಒಳಗೆ ಬರುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತೇವೆ, ಮೇಲಿನ ಕಿಂಡಿ ತೆಗೆಯುತ್ತೇವೆ, ನೀರು ತುಂಬಿ ದೋಣಿಯನ್ನು ಎತ್ತುತ್ತದೆ. ಮೇಲಿನ ನೀರಿನ ಮಟ್ಟಕ್ಕೆ ಸಮ ಆದಾಗ ಮಾತ್ರ ಬಾಗಿಲು ಜರುಗುತ್ತದೆ. ಒಂದು ಇಂಚು ವ್ಯತ್ಯಾಸ ಇದ್ದರೂ ನಾಲ್ಕಾಳು ತಳ್ಳಿದರೂ ಅಲುಗುವುದಿಲ್ಲ. ಇಷ್ಟನ್ನೂ ಇಂಗ್ಲಿಷಿನ ಪದ ಹಾಕಿ ಹಾಕಿ ವಿವರಿಸುತ್ತಿದ್ದೆ. ಅಪ್ಪ ಕಿಂಡಿ ಏಳುವುದನ್ನು ಬಗ್ಗಿ ನೋಡಿ, "ತೂಬು ಅನ್ನು, ಸುಮ್ನೆ ಯಾಕೆ ಅಷ್ಟುದ್ದ ಹೇಳ್ತೀಯ" ಅಂದರು.

ಹೌದಲ್ವಾ! ಕೆರೆ ತೂಬು. ಹಾಗೇ ಇನ್ನೊಂದು. ಲಾಕಿನ ಪಕ್ಕದಲ್ಲಿ ಹೆಚ್ಚಾದ ನೀರು ಸುತ್ತಿ ಬಂದು ಕೆಳಗಡೆ ಬೀಳುವ ಒಂದು ಕಾಲುವೆ ಇರುತ್ತದೆ. ಈ ಕಾಲುವೆಯಲ್ಲಿ ಹರಿವು ಜಾಸ್ತಿ ಇರುವುದರಿಂದ ಅದು ಜೋರಾಗಿ ಬಂದು, ನಾವು ಲಾಕಿಗೆ ಮೂತಿ ತೂರಿಸುವ ಹೊತ್ತಿಗೇ ದೋಣಿಯನ್ನು ಪಕ್ಕಕ್ಕೆ ನೂಕುತ್ತದೆ. ಮಾರ್ಬರಿಯಲ್ಲಿ ಇವರು ಎರಡು ಸಲ ಗೋಡೆಗೆ ಗುದ್ದಿದರು. ಎರಡನೇ ಸಲ ಗುದ್ದಿದಾಗ ಅಪ್ಪ ದಡದಿಂದ ಕೂಗಿದರು: "ಕೋಡಿ ನೀರು ತಳ್ತಾ ಅದೆ ಅಳಿಯಂದ್ರೇ, ಅದ್ರ ಕಡೀಕೆ ಮೊದ್ಲೇ ತಿರುಗಿಸ್ಕಳಿ!" ಮುಂದಿನ ಲಾಕಿಗೆ ನೀಟಾಗಿ ಹೋಯಿತು. ಎಂಟು ವಾರ ಈ ದೋಣಿ ಓಡಿಸಿ ನಾವು ಕಲಿಯದ್ದನ್ನು ಅವರು ಕೋಡಿ ಬಿದ್ದ ಕೆರೆ ನೋಡಿ ಕಲಿತಿದ್ದರು.

ತಿರುಗಿಸುವ ಹಿಡಿಗೆ ಇಲ್ಲಿ ಟಿಲ್ಲರ್ ಅನ್ನುತ್ತಾರೆ. ಅಪ್ಪನಿಗೆ ಟಿಲ್ಲರ್ ಅಂದರೆ ಪವರ್ ಟಿಲ್ಲರ್. ಎಂಜಿನ್ ಸದ್ದೂ ಹಾಗೇ ಇದೆ, ಟುಕು ಟುಕು ಟುಕು. ಮಧ್ಯಾಹ್ನ ಒಂದು ನೆಟ್ಟಗಿನ ಜಾಗದಲ್ಲಿ ಅವರ ಕೈಗೆ ಕೊಟ್ಟೆವು. ಎಡಕ್ಕೆ ತಳ್ಳಿದರೆ ಮೂತಿ ಬಲಕ್ಕೆ ಹೋಗುತ್ತದೆ, ಅದೂ ಹತ್ತು ಸೆಕೆಂಡು ಬಿಟ್ಟು. ಎಲ್ಲರಿಗೂ ಇದು ತಲೆ ತಿರುಗಿಸುತ್ತದೆ. ಅವರು ಎರಡು ಸಲ ಹುಲ್ಲಿಗೆ ನುಗ್ಗಿಸಿ, ಆಮೇಲೆ ಪಂಚೆ ಮೇಲೆತ್ತಿ ಕಟ್ಟಿ, ಒಂದು ಗಂಟೆ ಟಿಲ್ಲರ್ ಬಿಡಲಿಲ್ಲ.

ಗ್ರಿಂಡ್ಲಿ ಬ್ರೂಕಿನಲ್ಲಿ ಮೊದಲ ಮೂರು ಲಾಕ್ ಬಿಡಿಬಿಡಿ. ಮೇಲಿನ ಮೂರು ಒಂದಕ್ಕೊಂದು ಅಂಟಿಕೊಂಡಿವೆ. ಒಂದರ ಮೇಲಿನ ಬಾಗಿಲೇ ಇನ್ನೊಂದರ ಕೆಳಗಿನ ಬಾಗಿಲು. ತೂಬು ತೆಗೆಯುವ ಕ್ರಮ ತಪ್ಪಿದರೆ ನೀರು ಉಕ್ಕಿ ದಡಕ್ಕೆ ಹರಿಯುತ್ತದೆ, ಇಲ್ಲಾ ದೋಣಿ ತಳ ಹಿಡಿದು ನಿಲ್ಲುತ್ತದೆ. ಅದಕ್ಕೇ ಸೀಸನ್ನಿನಲ್ಲಿ ಇಲ್ಲೊಬ್ಬ ಲಾಕ್‌ಕೀಪರ್ ಇರುತ್ತಾರೆ. ಯಾರು ಮೊದಲು, ಯಾರು ಆಮೇಲೆ, ಎಲ್ಲ ಅವರದೇ ಮಾತು. ಕೆಳಗೆ ನಾಲ್ಕು ದೋಣಿ, ಮೇಲೆ ಮೂರು. ಒಬ್ಬರು ತಾನು ಬೇಗ ಹೋಗಬೇಕು ಅಂತ ಗೊಣಗಿದರು. ಲಾಕ್‌ಕೀಪರ್ ಕೇಳಿಸದವರ ಹಾಗೆ ಟೀ ಕುಡಿದರು.

"ನೀರುಗಂಟಿ" ಅಂದರು ಅಪ್ಪ, ಗೌರವದಿಂದ. ಅವರ ಊರಿನಲ್ಲೂ ಹೀಗೇ. ಎಷ್ಟೇ ದೊಡ್ಡ ಜಮೀನ್ದಾರನಾದರೂ ನೀರುಗಂಟಿ ಬಿಟ್ಟಾಗಲೇ ಗದ್ದೆಗೆ ನೀರು. ಮಾತು ಬರದಿದ್ದರೂ ಇಬ್ಬರೂ ಅರ್ಧ ಗಂಟೆ ಪಕ್ಕಪಕ್ಕ ನಿಂತು ತೂಬು ನೋಡಿಕೊಂಡರು.

ಸೋಮವಾರ

ವಿಟ್‌ಚರ್ಚ್ ಬಿಟ್ಟು ವಿಕ್ಸಾಲ್ ಮಾಸ್ ಕಡೆ. ಮಾಸ್ ಅಂದರೆ ಜವುಗು ನೆಲ, ಕಪ್ಪು ಪೀಟ್ ಮಣ್ಣು. ಮಣ್ಣು ಕುಸಿಯುತ್ತಲೇ ಇರುವುದರಿಂದ ಕಾಲುವೆಯ ಏರಿಯನ್ನು ಎತ್ತರಿಸುತ್ತಲೇ ಇರಬೇಕಂತೆ. ಮರದ ಎತ್ತು-ಸೇತುವೆಗಳು ಇಲ್ಲಿ ಒಂದಾದ ಮೇಲೊಂದು. ಈ ಸೇತುವೆಗಳು ಮೇಲೆದ್ದಾಗಲೂ ಪೂರ್ತಿ ನೆಟ್ಟಗೆ ನಿಲ್ಲುವುದಿಲ್ಲ. ಸ್ವಲ್ಪ ಕಾಲುವೆಯ ಕಡೆಗೇ ವಾಲಿಕೊಂಡಿರುತ್ತವೆ. ಗಾಳಿ ಇದ್ದ ದಿನ ದೋಣಿ ಆ ಕಡೆಗೆ ಸರಿದರೆ ಚಾವಣಿ ಮೇಲಿರುವುದೆಲ್ಲ ಗುಡಿಸಿಕೊಂಡು ಹೋಗುತ್ತದೆ.

ಗಾಳಿ ಇತ್ತು. ಟಿಲ್ಲರ್ ನನ್ನ ಕೈಯಲ್ಲಿತ್ತು. ನಾನು ದಡದಲ್ಲಿದ್ದ ಒಂದು ಕೊಕ್ಕರೆ ನೋಡುತ್ತಿದ್ದೆ.

ಮೊದಲು ನೆಲ ಒರೆಸುವ ಕೋಲು ಹೋಯಿತು. ಅದು ತೇಲಿತು, ಸಿಕ್ಕಿತು. ಆಮೇಲೆ ಏಳನೇ ಪಾಲಿನವರ ಪುದೀನ ಕುಂಡ ವಾಲಿತು, ಒಂದು ಕ್ಷಣ ಅಂಚಿನಲ್ಲಿ ಯೋಚನೆ ಮಾಡಿತು, ಗುಳುಂ ಅಂತ ಬಿತ್ತು. ಮೇಲೆ ಎರಡು ಎಲೆ, ಒಂದಷ್ಟು ಗುಳ್ಳೆ.

"ಅಷ್ಟು ಕಷ್ಟಪಟ್ಟು ಬಕೆಟ್ಟಲ್ಲಿ ಬಿಟ್ಟೆ. ಅವ್ನಿಗೆ ನಾಲೇನೇ ಬೇಕಾಗಿತ್ತು" ಅಂದರು ಅಪ್ಪ.

ಇವರು ಸೇತುವೆಯ ಹತ್ತಿರ ಕೀಲಿ ಹಿಡಿದು ನಿಂತಿದ್ದರು. ಏನೂ ಅನ್ನಲಿಲ್ಲ. ಅದೇ ಕಷ್ಟ. ರಾತ್ರಿ ಎಲ್ಸ್‌ಮಿಯರಿನಲ್ಲಿ ದೋಣಿ ಕಟ್ಟಿ, ಮುದ್ದೆ, ಸೊಪ್ಪಿನ ಸಾರು ಉಂಡ ಮೇಲೆ ಫೋನು ತೆಗೆದು ಏನೋ ಒತ್ತಿದರು. ಇಣುಕಿ ನೋಡಿದೆ. ಟಾಯ್ಲೆಟ್ಟಿನ ಡ್ರಾಫ್ಟ್ ಅಳಿಸುತ್ತಿದ್ದರು.

ಮಂಗಳವಾರ

ಚಳಿ. ಬೆಳಿಗ್ಗೆ ಸೌದೆ ಒಲೆ ಹಚ್ಚಿದೆವು. ಹಚ್ಚುವ ವಿಧಾನವನ್ನು ನಾಲ್ಕನೇ ಪಾಲಿನವರು ಬಾಗಿಲ ಹಿಂದೆ ಚಿತ್ರ ಸಮೇತ ಅಂಟಿಸಿದ್ದಾರೆ. ಅಪ್ಪ ಅದನ್ನು ನೋಡದೆಯೇ ಎರಡು ಕಡ್ಡಿಯಲ್ಲಿ ಹಚ್ಚಿದರು.

ನ್ಯೂ ಮಾರ್ಟನ್‌ನ ಎರಡು ಲಾಕ್ ಮುಗಿದರೆ ಮುಂದೆ ಲಾಂಗೊಲೆನ್ ಊರಿನ ತನಕ ಒಂದೂ ಇಲ್ಲ. ಅದು ಮುಗಿಸಿ ಹಾಯಾಗಿ ಹೋಗುತ್ತಿದ್ದಾಗ ದೋಣಿ ನಡುಗತೊಡಗಿತು. ಎಂಜಿನ್ ಕೂಗುತ್ತದೆ, ದೋಣಿ ಹೋಗುವುದಿಲ್ಲ. ಪ್ರೊಪೆಲ್ಲರಿಗೆ ಏನೋ ಸುತ್ತಿಕೊಂಡಿದೆ ಅಂತ ಅರ್ಥ. ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಹಿಂದಿನ ಹಲಗೆ ಎತ್ತಿ, ಕಬ್ಬಿಣದ ಮುಚ್ಚಳ ಬಿಚ್ಚಿ, ತಣ್ಣನೆಯ ನೀರಿಗೆ ಭುಜದ ತನಕ ಕೈ ಹಾಕಬೇಕು. ನಾನೇ ಹಾಕಿದೆ. ಕುಂಡದ ಲೆಕ್ಕ ಸ್ವಲ್ಪ ಸರಿಮಾಡಬೇಕಿತ್ತಲ್ಲ. "ಬ್ರೆಡ್ಡಿಗಲ್ಲ" ಚಾಕು ಯಾಕಿದೆ ಅಂತ ಆಗ ಗೊತ್ತಾಯಿತು. ಇಪ್ಪತ್ತು ನಿಮಿಷ ಕೊಯ್ದ ಮೇಲೆ ಹೊರಬಂದಿದ್ದು ಒಂದು ಟ್ರ್ಯಾಕ್ ಪ್ಯಾಂಟು. ಜೇಬಿನಲ್ಲಿ ಏನೂ ಇರಲಿಲ್ಲ, ಅಪ್ಪ ನೋಡಿದರು.

ಸಂಜೆ ಚರ್ಕ್ ಹತ್ತಿರ, ಇನ್ನೂ ಇಂಗ್ಲೆಂಡಿನ ಕಡೆಯೇ ನಿಂತೆವು.

ಬುಧವಾರ

ಬೆಳಿಗ್ಗೆ ಚರ್ಕ್ ಮೇಲ್ಗಾಲುವೆ, ಅಂದರೆ ಕಾಲುವೆಯನ್ನೇ ಹೊತ್ತ ಸೇತುವೆ. 1801ರದು. 70 ಅಡಿ ಕೆಳಗೆ ಕೆರಿಯಾಗ್ ಹೊಳೆ. ಅರ್ಧದಲ್ಲಿ ಇಂಗ್ಲೆಂಡ್ ಮುಗಿದು ವೇಲ್ಸ್ ಶುರು. ಪಕ್ಕದಲ್ಲೇ ಇನ್ನೂ ಎತ್ತರಕ್ಕೆ ರೈಲು ಸೇತುವೆ. ಆಮೇಲೆ ಕಟ್ಟಿದವರು ಬೇಕಂತಲೇ ಒಂದು ಕೈ ಮೇಲೆ ಕಟ್ಟಿದ ಹಾಗೆ ಕಾಣುತ್ತದೆ. ದಾಟಿದ ಕೂಡಲೇ ಸುರಂಗ, 459 ಗಜ. ಒಂದೇ ದೋಣಿ ಅಗಲ. ಎದುರಿನಿಂದ ದೀಪ ಬರುತ್ತಿದೆಯಾ ಅಂತ ನೋಡಿಕೊಂಡು ಒಳಗೆ ಹೋಗಬೇಕು. ಹರಿವಿಗೆ ಎದುರಾಗಿ, ಕತ್ತಲಲ್ಲಿ, ನಡೆಯುವುದಕ್ಕಿಂತ ನಿಧಾನ. ಅಪ್ಪ ಹುಲಿಕೆರೆ ಸುರಂಗದ ವಿಷಯ ತೆಗೆದರು. ಅವರ ನಾಲೆಯ ನೀರೂ ಹೀಗೇ ಗುಡ್ಡದ ಹೊಟ್ಟೆಯಲ್ಲಿ ತೂರಿ ಮಂಡ್ಯಕ್ಕೆ ಬರುತ್ತದೆ. "ಆದ್ರೆ ಅದ್ರೊಳಗೆ ನೀರು ಹೋಗೋದ್ ನೋಡಿದ್ದೆ. ನೀರ್ ಜೊತೆ ನಾನು ಹೋಗಿರ್ಲಿಲ್ಲ."

ಹತ್ತೂವರೆಗೆ ಪಾಂಟ್‌ಕಸಲ್ಟೆ. ಈ ಪ್ರಯಾಣವೆಲ್ಲ ಇದಕ್ಕೇ ಅಂತ ಬೇರೆಯವರು ಹೇಳುತ್ತಾರೆ. ನಾನು ಹಾಗನ್ನಲಾರೆ, ಆದರೂ ಹೊಟ್ಟೆಯೊಳಗೆ ಏನೋ ಆಗುವುದು ನಿಜ. ಡೀ ಕಣಿವೆಯನ್ನು ದಾಟಿಸಲು ಕಲ್ಲಿನ ಕಂಬಗಳನ್ನು ಎಬ್ಬಿಸಿ, ಅವುಗಳ ಮೇಲೆ ಎರಕದ ಕಬ್ಬಿಣದ ತೊಟ್ಟಿ ಕೂರಿಸಿ, ಆ ತೊಟ್ಟಿಯಲ್ಲಿ ಕಾಲುವೆ ಹರಿಸಿದ್ದಾರೆ. 1,007 ಅಡಿ ಉದ್ದ, 126 ಅಡಿ ಎತ್ತರ. ಥಾಮಸ್ ಟೆಲ್‌ಫರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿಸಿದ್ದು. ಹತ್ತು ವರ್ಷ ಹಿಡಿದು 1805ರಲ್ಲಿ ಮುಗಿಯಿತು. 2009ರಿಂದ ವಿಶ್ವ ಪರಂಪರೆಯ ತಾಣ. ಒಂದು ಕಡೆ ನಡೆಯುವ ದಾರಿ, ಅದಕ್ಕೆ ಕಂಬಿ ಇದೆ. ಇನ್ನೊಂದು ಕಡೆ ಏನೂ ಇಲ್ಲ. ತೊಟ್ಟಿಯ ಅಂಚು ನೀರಿಗಿಂತ ಗೇಣು ಮೇಲಿದೆ ಅಷ್ಟೇ. ದೋಣಿಯ ಹಿಂಭಾಗದಲ್ಲಿ ನಿಂತರೆ ಆ ಅಂಚೂ ಕಾಣುವುದಿಲ್ಲ. ಕಾಲ ಪಕ್ಕದಲ್ಲಿ ಗಾಳಿ, ಗಾಳಿಯ ಕೆಳಗೆ ಮರದ ತುದಿಗಳು, ಅದರ ಕೆಳಗೆ ನದಿ.

ಇವರಿಗೆ ಎತ್ತರ ಆಗದು. ಪ್ರತಿ ಸಲದ ಹಾಗೆ ಒಳಗೆ ಹೋಗಿ, ಕರ್ಟನ್ ಎಳೆದು, ಟೀ ಮಾಡುತ್ತೇನೆ ಅಂದರು. ಟಿಲ್ಲರ್ ನಾನು ಹಿಡಿದೆ. ನಿಜ ಹೇಳಬೇಕೆಂದರೆ ಇಲ್ಲಿ ಹಿಡಿಯುವವರಿಗೆ ಕೆಲಸವೇ ಇಲ್ಲ. ತೊಟ್ಟಿಯೇ ದೋಣಿಯನ್ನು ಕರೆದುಕೊಂಡು ಹೋಗುತ್ತದೆ. ಎರಡೂ ಕಡೆ ಒಮ್ಮೊಮ್ಮೆ ಟಂಗ್ ಅಂತ ತಾಗುತ್ತದೆ, ಸದ್ದು ಇಡೀ ಕಣಿವೆಗೆ ಕೇಳಿಸಿತೇನೋ ಅನ್ನಿಸುತ್ತದೆ.

ಅಪ್ಪ ಬಯಲು ಕಡೆ ಕೂತು ಕೆಳಗೆ ನೋಡುತ್ತಿದ್ದರು. ಗಾರೆಗೆ ಸುಣ್ಣದ ಜೊತೆ ಎತ್ತಿನ ರಕ್ತ ಸೇರಿಸಿದ್ದರಂತೆ ಅಂದೆ. ಮುಖ ಕಿವುಚಿದರು. "ಕನ್ನಂಬಾಡಿಗೂ ಸಿಮೆಂಟ್ ಹಾಕ್ಲಿಲ್ಲ. ಸುರ್ಕಿ ಗಾರೆ. ರಕ್ತ ಗಿಕ್ತ ಇಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಹೊಳೆ ಮೇಲೆ ನಾಲೆ ದಾಟ್ಸಾದು ಇವ್ರೇ ಮೊದಲಲ್ಲ ಬುಡು. ಪಟ್ನದಲ್ಲಿ ಬಂಗಾರದೊಡ್ಡಿ ನಾಲೆ ಕಾವೇರಿ ಮೇಲೇ ಹೋಗಲ್ವಾ?" ಹೋಗುತ್ತದೆ. ಶ್ರೀರಂಗಪಟ್ಟಣಕ್ಕೆ ಎಷ್ಟು ಸಲ ಹೋಗಿದ್ದೇನೆ, ಅದನ್ನು ನಿಂತು ನೋಡಿಲ್ಲ. ಅಪ್ಪ ಅಷ್ಟು ಹೇಳಿ ಮತ್ತೆ ಕೆಳಗೆ ನೋಡಿದರು. "ಆದ್ರೂ ಇದು ಎತ್ರ" ಅಂದರು.

ಅಲ್ಲಿಂದ ಲಾಂಗೊಲೆನ್‌ಗೆ ಎರಡು ಗಂಟೆ. ಕೆಲವು ಕಡೆ ಬಂಡೆ ಕೊರೆದು ಮಾಡಿದ ಕಾಲುವೆ ಎಷ್ಟು ಕಿರಿದು ಅಂದರೆ ಎರಡು ದೋಣಿ ಹಾಯುವುದಿಲ್ಲ. ಒಬ್ಬರು ಮುಂದೆ ನಡೆದು ಹೋಗಿ, ಯಾರೂ ಬರುತ್ತಿಲ್ಲ ಅಂತ ಕೈ ಬೀಸಬೇಕು. ಅದು ಇವರ ಕೆಲಸ. ನೆಲದ ಮೇಲೆ ಅವರು ಧೈರ್ಯವಂತರು.

ದೋಣಿ ನಿಲ್ಲಿಸಿ ಹಾರ್ಸ್‌ಶೂ ಫಾಲ್ಸ್ ತನಕ ನಡೆದೆವು. ಹೆಸರಿಗೆ ಫಾಲ್ಸ್. ಅದು ಟೆಲ್‌ಫರ್ಡ್ ಡೀ ನದಿಗೆ ಅಡ್ಡಲಾಗಿ 1808ರಲ್ಲಿ ಕಟ್ಟಿದ ಬಾಗಿದ ಅಣೆ. ನೀರು ಅದರ ಮೇಲೆ ತೆಳ್ಳಗೆ ಹಾಸಿದ ಹಾಗೆ ಇಳಿಯುತ್ತದೆ. ಪಕ್ಕದ ಸಣ್ಣ ಕಿಂಡಿಯಿಂದ ಕಾಲುವೆ ಶುರು. ಐದು ದಿನ ನಾವು ಎದುರಿಸಿ ಬಂದ ನೀರೆಲ್ಲ ಇಲ್ಲಿಂದ ಬಂದಿದ್ದು. ಅಪ್ಪ ಚಪ್ಪಲಿ ಬಿಚ್ಚಿ, ಅಂಚಿನಲ್ಲಿ ಕೂತು, ಮುಖ ತೊಳೆದುಕೊಂಡರು.

ಗುರುವಾರ

ವಾಪಸ್. ಈಗ ಹರಿವು ನಮ್ಮ ಜೊತೆ. ನಿನ್ನೆ ಎಳೆದಾಡಿದ ಸುರಂಗವೆಲ್ಲ ಸರ್ರನೆ ಮುಗಿಯಿತು. ಸಂಜೆಗೆ ಎಲ್ಸ್‌ಮಿಯರ್.

ರಾತ್ರಿ ಟೀ ಪುಡಿ ಮುಗಿಯಿತು. ಹಿಂದುಗಡೆಯ ಸ್ಪೇರ್ ಡಬ್ಬಿ ತೆಗೆದೆ. ಪುಡಿಯ ಮೇಲೆ ಒಂದು ಕವರು. ಒಳಗೆ 20 ಪೌಂಡ್ ನೋಟು, ಒಂದು ಚೀಟಿ: "ಮಷೀನು ಕೆಟ್ಟಿತ್ತು, ಖಾಲಿ ಮಾಡಿಸಲು ಆಗಲಿಲ್ಲ, ತುಂಬ ಕ್ಷಮಿಸಿ. ಫೋನು ಚಾರ್ಜ್ ಇಲ್ಲ. ಟೀ ಡಬ್ಬಿಯಲ್ಲಿಟ್ಟರೆ ಮೊದಲ ದಿನವೇ ಸಿಗುತ್ತದೆ ಅಂತ ಇಲ್ಲಿಟ್ಟಿದ್ದೇವೆ." ಪಾಪ, ಅವರಿಗೇನು ಗೊತ್ತು, ನಾವು ಟೀ ಪುಡಿಯನ್ನು ಮನೆಯಿಂದಲೇ ಕಟ್ಟಿಕೊಂಡು ಬರುವವರು ಅಂತ.

ಇವರು ಆ ಚೀಟಿಯನ್ನು ಎರಡು ಸಲ ಓದಿದರು. "ಕಳಿಸಿದ್ದಿದ್ರೆ?" ಅಂದರು. ನಾನು ಕುಂಡದ ಬಗ್ಗೆ ಏನೂ ಮಾತಾಡಲಿಲ್ಲ.

ಶುಕ್ರವಾರ

ಉದ್ದನೆಯ ದಿನ. ಅದೇ ಸೇತುವೆ ಬಂತು. ಗಾಳಿ ಇಲ್ಲ, ಕೊಕ್ಕರೆಯೂ ಇಲ್ಲ. ನೀರೊಳಗೆ ಇಣುಕಿದೆ, ಕಪ್ಪಗಿತ್ತು.

ಗ್ರಿಂಡ್ಲಿ ಬ್ರೂಕ್ ಇಳಿದ ಮೇಲೆ ಒಂದು ಮನೆಯ ಹಿತ್ತಿಲ ಬೇಲಿ ಪಕ್ಕ ಮೇಜಿಟ್ಟಿದ್ದರು. ಮೊಟ್ಟೆ, ಜಾಮು, ಗಿಡದ ಕುಂಡಗಳು. ಮಾರುವವರು ಯಾರೂ ಇಲ್ಲ, ದುಡ್ಡು ಹಾಕಲು ಒಂದು ಡಬ್ಬಿ. ಹಸಿರಾಗಿ, ಸುಕ್ಕು ಸುಕ್ಕು ಎಲೆಯ ಒಂದು ಗಿಡ ಇತ್ತು. ಎರಡು ಪೌಂಡ್ ಹಾಕಿ ಎತ್ತಿಕೊಂಡೆ.

ಅಪ್ಪ ಒಂದು ಎಲೆ ಹಿಸುಕಿ ಮೂಸಿದರು. "ಇದು ಪುದೀನ ಅಲ್ಲ ಕಣವ್ವ. ನಿಂಬೆ ವಾಸ್ನೆ."

"ಇಲ್ಲಿಯ ಪುದೀನ ಹೀಗೇ ಇರುತ್ತೆ ಅಪ್ಪ" ಅಂದೆ. ಕತ್ತಲಾಗುತ್ತಿತ್ತು. ಇನ್ನೂ ನಾಲ್ಕು ಲಾಕ್ ಇತ್ತು.

ಶನಿವಾರ, 14 ಸೆಪ್ಟೆಂಬರ್

ಹತ್ತು ಗಂಟೆಗೆ ಬಿಟ್ಟುಕೊಡಬೇಕು. ಡೀಸೆಲ್ ತುಂಬಿಸಿದೆವು. ಟ್ಯಾಂಕ್ ಖಾಲಿ ಮಾಡಿಸಿದೆವು, ದೀಪ ಹಸಿರಾಗುವ ತನಕ ಇವರು ಅಲ್ಲಿಂದ ಕದಲಲಿಲ್ಲ. ಅಪ್ಪ ಸೌದೆ ಒಲೆಯ ಬೂದಿ ತೆಗೆದು, ಹೊಸ ಸೌದೆ ಜೋಡಿಸಿ, ಕಡ್ಡಿ ಗೀರಿದರೆ ಸಾಕು ಅನ್ನುವ ಹಾಗೆ ಇಟ್ಟರು. ನಾನು ಎಲ್ಲ ಕಿಟಕಿ ತೆಗೆದು ಒಗ್ಗರಣೆ ವಾಸನೆ ಓಡಿಸಿದೆ. ಟೇಪು ಕಿತ್ತು ಬಂದಿದ್ದ ಚಾಕುವಿಗೆ ಹೊಸ ಟೇಪು ಸುತ್ತಿದೆ.

ಲಾಗ್ ಪುಸ್ತಕದಲ್ಲಿ ಬರೆದೆ: ಎಂಜಿನ್ 36 ಗಂಟೆ. ಪ್ರೊಪೆಲ್ಲರಿನಲ್ಲಿ ಒಂದು ಪ್ಯಾಂಟು, ತೆಗೆಯಲಾಗಿದೆ. ಹನ್ನೊಂದನೇ ಪಾಲಿನವರ ಹಣ ತಲುಪಿತು, ಥ್ಯಾಂಕ್ಸ್. ಪುದೀನ ಕುಂಡ ವಿಕ್ಸಾಲ್ ಮಾಸಿನ ಸೇತುವೆಗೆ ತಾಗಿ ನೀರಿಗೆ ಬಿತ್ತು, ತಪ್ಪು ನನ್ನದು, ಬೇರೆ ಇಟ್ಟಿದ್ದೇವೆ. ಗಣಪನ ವಿಷಯ ಬರೆಯಲಿಲ್ಲ. ಎಲ್ಲಿಂದ ಶುರು ಮಾಡುವುದು?

ಅದೇ ಸಾಲನ್ನು ಗುಂಪಿಗೂ ಹಾಕಿ, ಹೊಸ ಕುಂಡದ ಫೋಟೋ ಕಳಿಸಿದೆ. ಹೆದ್ದಾರಿಗೆ ಬರುವಷ್ಟರಲ್ಲಿ ಏಳನೇ ಪಾಲಿನವರ ಉತ್ತರ ಬಂತು. ಓದಿ ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ.

"ಚಿಂತೆ ಮಾಡಬೇಡಿ. ಅದು ಮೂರನೇ ಕುಂಡ. ಮೊದಲನೆಯದನ್ನು ಅದೇ ಸೇತುವೆಗೆ ತಾಗಿಸಿದ್ದು ನಾನೇ. ಹೊಸದು ತುಂಬ ಚೆನ್ನಾಗಿದೆ. ಆದರೆ ಅದು ಪುದೀನ ಅಲ್ಲ, ಲೆಮನ್ ಬಾಮ್."

ಅಪ್ಪ ಹಿಂದಿನ ಸೀಟಿನಲ್ಲಿ ಒಂದು ಮಾತೂ ಆಡಲಿಲ್ಲ. ಬೆರಳು ಮೂಸಿಕೊಂಡರು.